ಮದುವೆಯಿಲ್ಲದ ತಿಂಗಳ ಚಳಿ

ನಮ್ಮ ಕಡೆ ಚಳಿಗಾಲವೇ ಇಲ್ಲ ಎಂದು ಹೇಳುವವರಿದ್ದಾರೆ. ನಾನೂ ಬಹಳ ವರ್ಷ ಹಾಗೆಯೇ ಹೇಳುತ್ತಿದ್ದೆ. ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವ ಮನೆಯಲ್ಲಿ ಬೆಳೆದವಳು ನಾನು. ಸೆಕೆ, ಮಳೆ, ಮತ್ತೆ ಸೆಕೆ. ನಡುವೆ ಡಿಸೆಂಬರಿನಲ್ಲಿ ನಾಲ್ಕು ದಿನ ಬೆಳಿಗ್ಗೆ ಚಾದರವನ್ನು ಕುತ್ತಿಗೆಯವರೆಗೆ ಎಳೆದುಕೊಳ್ಳುವಷ್ಟು ತಂಪು. ಅದನ್ನು ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಕಲಿತದ್ದು ಕೊಳಚೆ ನೀರಿನ ಕೆಲಸಕ್ಕೆ ಸೇರಿದ ಮೇಲೆ.

ಉಡುಪಿಯ ಒಂದು ಸಣ್ಣ ಕಂಪೆನಿಯಲ್ಲಿ ನಾನು ಕೆಮಿಸ್ಟ್. ಅಪಾರ್ಟ್‌ಮೆಂಟು, ಹಾಸ್ಟೆಲು, ಹೋಟೆಲುಗಳ ಹಿಂಬದಿಯಲ್ಲಿ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕಗಳಿರುತ್ತವೆ, ಎಸ್‌ಟಿಪಿ ಎನ್ನುತ್ತಾರೆ. ಅವುಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ. ಅಂಬಲಪಾಡಿಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೇನೆ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಮೊದಲು ಉಡುಪಿ ಪೇಟೆಯ ಅಪಾರ್ಟ್‌ಮೆಂಟು, ಆಮೇಲೆ ಮಣಿಪಾಲದ ಹಾಸ್ಟೆಲು. ನಡುನಡುವೆ ಕಾಪುವಿನ ಬೀಚ್ ಪಕ್ಕದ ಹೋಟೆಲು, ವಾರಕ್ಕೊಮ್ಮೆ ಕಾರ್ಕಳ. ಒಂದು ಕಡೆ ನಿಂತಾಗ ಇನ್ನೊಂದು ಕಡೆ ಏನಾಗಿದೆಯೋ ಎಂದು ಮನಸ್ಸು ಓಡುತ್ತಿರುತ್ತದೆ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿರುತ್ತದೆ ಎಂದು ಅಕ್ಕ ಬೈಯುತ್ತಾಳೆ.

ಕಾರ್ಕಳದಲ್ಲಿರುವುದು ಅಕ್ಕನ ಗಂಡ, ಅಂದರೆ ನನ್ನ ಭಾವನ ಮದುವೆ ಹಾಲ್. ಭಾವ ಮೊದಲು ಕಲ್ಲುಕೋರೆಯ ವ್ಯವಹಾರದಲ್ಲಿದ್ದವರು. ಅದನ್ನು ಬಿಟ್ಟು, ಪೇಟೆಯಿಂದ ಸ್ವಲ್ಪ ಹೊರಗೆ ಒಂದು ಇಳಿಜಾರಿನಲ್ಲಿ ಹಾಲ್ ಕಟ್ಟಿಸಿದರು. ಎಸ್‌ಟಿಪಿ ಇಲ್ಲದೆ ಅನುಮತಿ ಸಿಗುವುದಿಲ್ಲ ಎಂದಾಗ ಮನೆಯವಳೇ ಒಬ್ಬಳು ಇದ್ದಾಳಲ್ಲ ಎಂದು ನನ್ನನ್ನು ಕರೆದರು. ಹಾಲ್‌ನ ಹಿಂದೆ ಟ್ಯಾಂಕ್ ಬಂತು. ಶುದ್ಧವಾದ ನೀರು ತೆಂಗಿನ ಬುಡಗಳಿಗೆ ಹೋಗಿ, ಹೆಚ್ಚಾದದ್ದು ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿಯುವಂತೆ ಮಾಡಿದೆವು. ಆ ತೋಡು ಹಾದುಹೋಗುವುದು ಒಬ್ಬ ನಿವೃತ್ತ ಶಿಕ್ಷಕಿಯ ಅಂಗಳದ ಬದಿಯಿಂದ. ಊರಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ. ಕೊಂಕಣಿ ಮನೆಮಾತಿನವರು, ನಮ್ಮ ಜೊತೆ ಪಾಠ ಹೇಳುವ ಹಾಗೆ ನಿಧಾನವಾಗಿ ಕನ್ನಡ ಮಾತಾಡುತ್ತಾರೆ. ತೋಡಿನ ಆಚೆ ದಡದಲ್ಲಿ ಅವರ ಬಾವಿ.

ಎಸ್‌ಟಿಪಿ ಎಂದರೆ ಯಂತ್ರ ಎಂದು ಎಲ್ಲರೂ ತಿಳಿಯುತ್ತಾರೆ. ಯಂತ್ರದ ಪಾಲು ಅದರಲ್ಲಿ ಕಡಿಮೆ. ಟ್ಯಾಂಕಿನ ಅಡಿಯಿಂದ ಬ್ಲೋವರ್ ಗಾಳಿ ಊದುತ್ತದೆ, ಕಂದು ಬಣ್ಣದ ನೀರು ಕುದಿಯುತ್ತಿರುವಂತೆ ಕಾಣುತ್ತದೆ. ಆ ನೀರಿನೊಳಗೆ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು, ಒಂದಕ್ಕೊಂದು ಅಂಟಿ, ಕೆಸರಿನ ಮುದ್ದೆಗಳಾಗಿ ಮುಂದಿನ ಟ್ಯಾಂಕಿನಲ್ಲಿ ತಳ ಸೇರುತ್ತವೆ. ಮೇಲೆ ತಿಳಿನೀರು ನಿಲ್ಲುತ್ತದೆ. ಆ ಕೆಸರು ಬದುಕಿದ್ದರೆ ಎಲ್ಲವೂ ಸರಿ. ಅದಕ್ಕೆ ಗಾಳಿ ಬೇಕು, ಊಟ ಬೇಕು, ಬೆಚ್ಚಗಿರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನೀರು ಬಿಸಿಯಾದಾಗ ಅವುಗಳಿಗೆ ಹಸಿವು ಜೋರು, ಆದರೆ ಬಿಸಿನೀರಿನಲ್ಲಿ ಗಾಳಿ ನಿಲ್ಲುವುದಿಲ್ಲ, ಉಸಿರು ಕಟ್ಟುತ್ತದೆ. ಚಳಿಯಲ್ಲಿ ಗಾಳಿಗೆ ಕೊರತೆ ಇಲ್ಲ, ಆದರೆ ಅವು ಮಂಕಾಗುತ್ತವೆ. ಅದರಲ್ಲೂ ಅಮೋನಿಯಾ ತಿನ್ನುವ ಒಂದು ಜಾತಿ ಉಂಟು, ತೀರಾ ಸೂಕ್ಷ್ಮ. ಬೇರೆಯವು ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾದರೆ ಇವಕ್ಕೆ ದಿನಗಳೇ ಬೇಕು. ನೀರು ಎಂಟು ಹತ್ತು ಡಿಗ್ರಿ ತಣ್ಣಗಾದರೆ ಅವುಗಳ ಕೆಲಸ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಮ್ಮೆ ಸತ್ತರೆ ಮತ್ತೆ ಬೆಳೆಸಲು ವಾರಗಳು ಹಿಡಿಯುತ್ತವೆ.

ಕಾಪುವಿನ ಹೋಟೆಲಿನಲ್ಲಿ ಈ ಚಿಂತೆ ಅಷ್ಟಿಲ್ಲ. ಕಡಲು ಹತ್ತಿರವಿದ್ದರೆ ರಾತ್ರಿಯೂ ತೀರಾ ತಣ್ಣಗಾಗುವುದಿಲ್ಲ. ಕಾರ್ಕಳ ಹಾಗಲ್ಲ. ಸುತ್ತ ಬರೀ ಬಂಡೆ. ಹಗಲೆಲ್ಲ ಕಾದ ಕಲ್ಲು ಸಂಜೆಯಾದೊಡನೆ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ, ಘಟ್ಟದ ಕಡೆಯಿಂದ ತಂಪು ಇಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ ಟ್ಯಾಂಕಿನ ಮೇಲೆ ತೆಳ್ಳಗೆ ಹಬೆ ಏಳುತ್ತಿದ್ದರೆ ನಾನು ಮೊದಲು ಥರ್ಮಾಮೀಟರ್ ಇಳಿಸುತ್ತೇನೆ. ನೀರಿನ ಬಿಸಿ ಗಾಳಿಗೆ ಹೋಗುತ್ತಿದೆ ಎಂದು ಆ ಹಬೆಯ ಅರ್ಥ.

ಇಷ್ಟು ಸಾಲದು ಎಂಬಂತೆ, ಅದೇ ಹೊತ್ತಿಗೆ ಧನುರ್ಮಾಸ. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಮದುವೆ ಇಲ್ಲ ಎಂದರೆ ಊಟವಿಲ್ಲ, ಪಾತ್ರೆ ತೊಳೆಯುವುದಿಲ್ಲ, ಕಕ್ಕಸಿಗೆ ನೀರು ಹಾಕುವವರಿಲ್ಲ. ವರ್ಷದಲ್ಲೇ ಅತಿ ಚಳಿಯ ತಿಂಗಳಲ್ಲಿ ನನ್ನ ಟ್ಯಾಂಕಿಗೆ ಉಪವಾಸ.

ಹಾಲ್ ಶುರುವಾದ ಮೊದಲ ವರ್ಷ ಭಾವ ಧನುರ್ಮಾಸ ಹಿಡಿದ ಕೂಡಲೇ ಬ್ಲೋವರ್ ನಿಲ್ಲಿಸಿಬಿಟ್ಟಿದ್ದರು. ಯಾರೂ ಇಲ್ಲದ ಹಾಲ್‌ಗೆ ಫ್ಯಾನ್ ಹಾಕಿ ಇಡುತ್ತಾರಾ ಎಂಬುದು ಅವರ ವಾದ. ನಾನು ಮಣಿಪಾಲದಲ್ಲಿ ಬೇರೊಂದು ರಗಳೆಯಲ್ಲಿ ಸಿಕ್ಕಿಕೊಂಡಿದ್ದೆ. ಹೋಗಿ ನೋಡುವಾಗ ಕೆಸರು ಕಪ್ಪಾಗಿ, ಮೊಟ್ಟೆ ಕೊಳೆತ ವಾಸನೆ. ಸಂಕ್ರಾಂತಿ ಕಳೆದ ಮೊದಲ ಮದುವೆಗೇ ನೀರು ಬಂದ ಹಾಗೆಯೇ ಹೊರಗೆ ಹೋಯಿತು. ಮರುದಿನ ಟೀಚರ್ ಆಳು ಕರೆದು ತೋಡಿಗೆ ಕಲ್ಲು ಮಣ್ಣು ಹಾಕಿಸಿ ಕಟ್ಟಿಸಿಬಿಟ್ಟರು. ನೀರು ಹಿಂದೆ ಬಂದು ಹಾಲ್‌ನ ಪಾರ್ಕಿಂಗಿನಲ್ಲಿ ನಿಂತಿತು. ಭಾವ ನನ್ನ ಮೇಲೆ ಹಾರಾಡಿದರು. ದೋಸೆ ಹಿಟ್ಟು ಚಳಿಗೆ ಹುಳಿ ಬರುವುದಿಲ್ಲ ಅಲ್ವಾ, ಇದೂ ಅದೇ, ಉರಿ ಆರಿಸಿದ ಬಿಸಿ ಒಲೆಯ ಹತ್ತಿರವಾದರೂ ಇಡಬೇಕು ಎಂದು ನಾನು ಹೇಳಿದೆ. ಅಡುಗೆಮನೆಯಲ್ಲಿ ಕೇಳಿಸಿಕೊಂಡ ಅಕ್ಕ, ದೋಸೆಯ ಹೆಸರನ್ನು ಅಲ್ಲಿಗೆ ಎಳೆಯಬೇಡ ಎಂದಳು.

ಅದರ ಮುಂದಿನ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ಹುಡುಗ ಮಂಗಳೂರಿನವನು. ಎರಡೂ ಕಡೆಗೆ ಹೊಂದಿದ ಮುಹೂರ್ತ ಸಂಕ್ರಾಂತಿ ಕಳೆದ ವಾರದಲ್ಲೇ ಬಂತು. ಸುದ್ದಿ ಕೇಳಿ ನಾನು ಮೊದಲು ಹೇಳಿದ ಮಾತು, ಬೇರೆ ಹಾಲ್ ನೋಡಬಹುದಲ್ಲ ಎಂದು. ಹೇಳಬಾರದಿತ್ತು. ಸ್ವಂತ ಹಾಲ್ ಇಟ್ಟುಕೊಂಡು ಮಗಳ ಮದುವೆಗೆ ಊರವರ ಬಾಗಿಲು ತಟ್ಟಬೇಕಾ ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು. ಆಮೇಲೆ ಮದುಮಗಳೇ ಕರೆ ಮಾಡಿ, "ಚಿಕ್ಕಮ್ಮ, ಅಮ್ಮನ ಬಾಯಿಗೆ ಈಗ ಕೋಲು ಹಾಕಬೇಡಿ. ನೀರಿನದ್ದು ನಿಮಗೆ ಬಿಟ್ಟಿದ್ದು," ಎಂದಳು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ದನಿಯ ಸಲಿಗೆ ಅರ್ಧ ಹೋಗಿಬಿಟ್ಟಿದೆ.

ಹಾಗಾಗಿ ಆ ಧನುರ್ಮಾಸ ಪೂರ್ತಿ ನಾನು ಕಾರ್ಕಳದ ದಾರಿಯಲ್ಲಿದ್ದೆ. ಬೆಳಿಗ್ಗೆ ಮಣಿಪಾಲದ ಕೆಲಸ ಮುಗಿಸಿ ಹಿರಿಯಡ್ಕದ ಮೇಲೆ ಹೋಗುವುದು, ಸಂಜೆ ಬೆಳ್ಮಣ್ಣು, ಶಿರ್ವದ ದಾರಿಯಿಂದ ಕಾಪುವಿಗೆ ಇಳಿದು ಹೋಟೆಲು ನೋಡಿ ಅಂಬಲಪಾಡಿಗೆ ಬರುವುದು. ಬ್ಲೋವರ್ ನಿಲ್ಲಿಸುವುದಿಲ್ಲ ಎಂದು ಭಾವನಿಂದ ಮಾತು ತೆಗೆದುಕೊಂಡಿದ್ದೆ. ಹಾಲ್‌ನ ಕಾವಲಿನವನಿಗೆ ಅದರ ಸದ್ದು ನಿಂತರೆ ನನಗೆ ಫೋನ್ ಮಾಡಬೇಕೆಂದು ಹೇಳಿದ್ದೆ. ಅವನು ಸದ್ದು ನಿಲ್ಲದಿದ್ದರೂ ಮಾಡುತ್ತಿದ್ದ.

ಗಾಳಿ ಮಾತ್ರ ಇದ್ದರೆ ಸಾಲದು, ಹೊಟ್ಟೆಗೂ ಬೇಕು. ಅಕ್ಕನ ಮನೆ ಹಾಲ್‌ನ ಪಕ್ಕದಲ್ಲೇ. ಅವಳ ಅಡುಗೆಮನೆಯಿಂದ ಗಂಜಿ ತಿಳಿ, ಬೆಲ್ಲದ ನೀರು, ಹಟ್ಟಿಯಿಂದ ಸಗಣಿ ನೀರು, ಅಮೋನಿಯಾ ತಿನ್ನುವವುಗಳಿಗಾಗಿ ಒಂದು ಮುಷ್ಟಿ ಯೂರಿಯಾ. ಮದುವೆಗೆಂದು ಮನೆಗೆ ಸುಣ್ಣಬಣ್ಣ ಆಗುತ್ತಿತ್ತು. ಅದರ ನಡುವೆ ನಾನು ಬಕೆಟ್ ಹಿಡಿದು ಓಡಾಡುತ್ತಿದ್ದೆ. ಬಣ್ಣದವರು ನನ್ನನ್ನು ಹಟ್ಟಿ ಕೆಲಸದವಳು ಎಂದುಕೊಂಡಿದ್ದರಂತೆ.

ಆದರೂ ಕೆಸರು ತೆಳ್ಳಗಾಗುತ್ತಿತ್ತು. ಉದ್ದನೆಯ ಗಾಜಿನ ಜಾಡಿಯಲ್ಲಿ ಟ್ಯಾಂಕಿನ ನೀರು ತುಂಬಿ, ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟರೆ ಕೆಸರು ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಆ ಅರ್ಧ ಗಂಟೆ ನಾನು ಜಾಡಿಯ ಸುತ್ತ ತಿರುಗುತ್ತಿದ್ದೆ. ತಳದಲ್ಲಿ ನಿಲ್ಲುತ್ತಿದ್ದದ್ದು ತೆಳುವಾದ ಒಂದು ಪದರ. ಕೊನೆಗೆ ಮಣಿಪಾಲದ ಹಾಸ್ಟೆಲಿನ ಮ್ಯಾನೇಜರರಲ್ಲಿ ಕೇಳಿ, ಅಲ್ಲಿನ ದಪ್ಪ ಕೆಸರನ್ನು ಒಂದು ಟ್ಯಾಂಕರಿನಲ್ಲಿ ತುಂಬಿಸಿ ತಂದೆ. ಮೊಸರಿಗೆ ಹೆಪ್ಪು ಹಾಕುವ ಹಾಗೆ. ಟ್ಯಾಂಕರ್ ಹಿಮ್ಮುಖವಾಗಿ ಬಂದು ಪೈಪು ಇಳಿಸುವಾಗ ಟೀಚರ್ ತಮ್ಮ ಅಂಗಳದಿಂದ ನೋಡುತ್ತಿದ್ದರು. ಮೇಲೆ ಹತ್ತಿ ಬಂದು, "ಈ ಗಾಡಿ ತುಂಬಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ತಂದು ಹಾಕುವುದನ್ನು ನೋಡಿದ್ದು ಇದೇ ಮೊದಲು," ಎಂದರು. ವಿವರಿಸಿ ಹೇಳಿದೆ. ಪೂರ್ತಿ ಕೇಳಿದರು. ಕೇಳಿ, ತೋಡಿಗೆ ಹಾಕಿಸಿ ಆಮೇಲೆ ತೆಗೆಸಿದ್ದ ಕಲ್ಲುಗಳನ್ನು ತಾವಿನ್ನೂ ಎಸೆದಿಲ್ಲ, ಬೇಲಿಯ ಬದಿಯಲ್ಲೇ ಇವೆ ಎಂದು ಹೇಳಿ ಇಳಿದುಹೋದರು.

ಹೊಸ ಕೆಸರು ಬಂದ ಎರಡು ದಿನ ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಚಳಿ ಜೋರಾಯಿತು. ಆ ವಾರದ ಚಳಿ ನನಗೆ ಈಗಲೂ ನೆನಪಿದೆ. ಸ್ಕೂಟರಿನ ಹಿಡಿಕೆಯಲ್ಲಿ ಬೆರಳು ಮರಗಟ್ಟುತ್ತಿತ್ತು, ಗದ್ದೆಯ ಮೇಲೆ ಮಂಜು ಬಹಳ ಹೊತ್ತಿನವರೆಗೆ ಬಿಡುತ್ತಿರಲಿಲ್ಲ. ಮಣಿಪಾಲದ ಹಾಸ್ಟೆಲಿನಲ್ಲಿ ನೂರಾರು ಹುಡುಗರು ದಿನವೂ ಬಿಸಿನೀರು ಸ್ನಾನ ಮಾಡುತ್ತಾರೆ, ಅಲ್ಲಿನ ಟ್ಯಾಂಕು ಚಳಿಯಲ್ಲೂ ಬೆಚ್ಚಗೆ. ಆ ಸುಖದಲ್ಲಿದ್ದ ಕೆಸರನ್ನು ತಂದು ಕಾರ್ಕಳದ ತಣ್ಣೀರಿನಲ್ಲಿ ಬಿಟ್ಟಿದ್ದೆ. ಬೆಲ್ಲವನ್ನೇನೋ ಅದು ತಿಂದಿತು. ಅಮೋನಿಯಾವನ್ನು ಮುಟ್ಟಲಿಲ್ಲ. ಪರೀಕ್ಷೆಗೆ ಎರಡು ಹನಿ ಔಷಧ ಹಾಕಿದರೆ ನೀರು ಹಳದಿಯಾಗುತ್ತದೆ, ಹಳದಿ ಗಾಢವಾದಷ್ಟು ಅಮೋನಿಯಾ ಹೆಚ್ಚು. ದಿನ ದಿನವೂ ಅದೇ ಗಾಢ ಹಳದಿ. ಹಾಲ್‌ನ ಹಳೆಯ ಶಾಮಿಯಾನದ ಬಟ್ಟೆ ತೆಗೆಸಿ, ಸಂಜೆ ಟ್ಯಾಂಕಿನ ಮೇಲೆ ಹೊದಿಸಿ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ತೆಗೆಯಲು ಕಾವಲಿನವನಿಗೆ ಹೇಳಿದೆ. ಭಾವ ನೋಡಿ, ಮದುವೆ ನನ್ನ ಮಗಳದ್ದಾ ಟ್ಯಾಂಕಿನದ್ದಾ ಎಂದು ಕೇಳಿದರು. ತಮಾಷೆಗೆ ಕೇಳಿದರೋ ಸಿಟ್ಟಿನಲ್ಲಿ ಕೇಳಿದರೋ ತಿಳಿಯಲಿಲ್ಲ. ಹೊದಿಕೆಯಿಂದ ಒಂದೆರಡು ಡಿಗ್ರಿ ಉಳಿಯಿತು, ಅಷ್ಟೆ.

ಆ ಹೊತ್ತಿಗೆ ಮನೆಗೆ ನೆಂಟರು ಬರತೊಡಗಿದ್ದರು. ಮುಂಬಯಿಯಿಂದ ನಮ್ಮ ಅತ್ತೆ ಬಂದಿಳಿದರು. ನನ್ನನ್ನು ನೋಡಿದೊಡನೆ, ಇನ್ನೂ ಒಬ್ಬಳೇ ಇದ್ದೀಯಾ ಎಂದರು. ಎರಡನೇ ಪ್ರಶ್ನೆ, ಇಷ್ಟು ಓದಿ ಗಟಾರದ ಕೆಲಸವಾ ಎಂದು. ನನಗೆ ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆ ಏನೂ ಇಲ್ಲ. ಕೆಲವು ಜಾತಕ ಬಂದವು, ಹೋದವು, ಒಂದು ದಿನ ಬರುವುದು ನಿಂತಿತು. ಅಂಬಲಪಾಡಿಯ ಮಹಡಿಯಲ್ಲಿ ಅದು ನನಗೆ ನೆನಪಾಗುವುದೂ ಇಲ್ಲ. ಆದರೆ ಮದುವೆಯ ಮನೆಯಲ್ಲಿ ಪ್ರತಿ ಕೋಣೆಯಲ್ಲೂ ಯಾರಾದರೊಬ್ಬರು ಅದನ್ನು ನೆನಪಿಸಲು ಕೂತಿರುತ್ತಾರೆ. ಮದುಮಗಳಿಗೆ ಅರಸಿನ ಹಚ್ಚುವ ದಿನ ಮುತ್ತೈದೆಯರು ಬನ್ನಿ ಎಂದು ಕರೆದರು. ನನ್ನನ್ನು ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ನಾನು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಜಾಡಿ ನೋಡಬೇಕು ಎಂದುಕೊಂಡು ಹಿಂಬದಿಯಿಂದ ಹೊರಟೆ.

ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದಾಗ ಅಕ್ಕ ಬಂದಳು. ಕೈಯೆಲ್ಲ ಅರಸಿನ. ಅಲ್ಲಿಗೆ ಅವಳು ಬಂದದ್ದು ಅದೇ ಮೊದಲು. ಮೂಗಿಗೆ ಸೆರಗು ಹಿಡಿದು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು.

"ನೀನು ಇಲ್ಲಿಗೆ ಬರುವುದು ಇದಕ್ಕಾಗಿ ಮಾತ್ರ ಅಲ್ಲ," ಎಂದಳು.

ನಾನು ಅಮೋನಿಯಾದ ವಿಷಯ ಹೇಳಲು ಶುರುಮಾಡಿದೆ. ಅವಳು ತಡೆದಳು.

"ಅಮೋನಿಯಾ ಇರಲಿ. ಈ ಒಂದು ತಿಂಗಳಲ್ಲಿ ನೀನು ಒಂದು ಕಡೆ ಕೂತದ್ದು ನಾನು ನೋಡಲಿಲ್ಲ. ಮಗಳ ಸೀರೆ ನೋಡಿದ್ದೀಯಾ?"

ನೋಡಿರಲಿಲ್ಲ. ಹಾಗೆ ಹೇಳಿದೆ. ಅವಳು ತಿರುಗಿ ಮನೆಯ ಕಡೆ ಹೋದಳು. ಅವಳ ಹಿಂದೆಯೇ ಹೋಗಬೇಕೆನಿಸಿತು, ಆದರೆ ಜಾಡಿಯಲ್ಲಿ ಕೆಸರು ಇಳಿಯುತ್ತಿತ್ತು. ಇಳಿದು ಮುಗಿಯುವವರೆಗೂ ಅಲ್ಲೇ ಇದ್ದೆ. ಸಂಜೆ ಹೊರಡುವ ಮುಂಚೆ ಒಳಗೆ ಹೋಗಿ ಸೀರೆ ನೋಡಿದೆ. ಮದುಮಗಳು ತೋರಿಸುತ್ತಾ, ಟ್ಯಾಂಕು ಹೇಗಿದೆ ಚಿಕ್ಕಮ್ಮ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಾಲ್‌ನಲ್ಲಿ ವಾಸನೆ ಬರದ ಹಾಗೆ ನೋಡಿಕೊಳ್ಳಬಲ್ಲೆ, ತೋಡಿಗೆ ಹೋಗುವ ನೀರಿಗೆ ನಾನು ಜವಾಬು ಕೊಡಲಾರೆ ಎಂದೆ.

ಮೆಹಂದಿಯ ದಿನದಿಂದಲೇ ನೀರು ಬರತೊಡಗಿತು. ಮದುವೆಯ ದಿನ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ಯಾಂಕಿನ ಹತ್ತಿರ ಇದ್ದೆ. ತಿಂಡಿಯ ಪಂಕ್ತಿ ಮುಗಿದು ಪಾತ್ರೆ ತೊಳೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ನೊರೆ ಎದ್ದಿತು. ಕೆಸರು ಇನ್ನೂ ಎಳೆಯದಾಗಿದ್ದು, ತಿನ್ನಲು ಬಂದದ್ದು ಹೆಚ್ಚಾಗಿ, ಜೊತೆಗೆ ಸೋಪಿನ ನೀರೂ ಸೇರಿದರೆ ಹೀಗಾಗುತ್ತದೆ. ಬಿಳಿ ನೊರೆ, ಹತ್ತಿಯ ಗುಡ್ಡೆಯ ಹಾಗೆ, ಟ್ಯಾಂಕಿನ ಅಂಚಿನವರೆಗೆ ಬಂದು ಅಲ್ಲಿ ನಡುಗುತ್ತಾ ನಿಂತಿತು. ಕಾವಲಿನವನ ಕೈಗೆ ಪೈಪು ಕೊಟ್ಟು ಮೇಲಿನಿಂದ ನೀರು ಚಿಮುಕಿಸಲು ಹೇಳಿದೆ. ಒಂದು ಮೂಲೆಯಲ್ಲಿ ಇಳಿಸಿದರೆ ಇನ್ನೊಂದು ಮೂಲೆಯಲ್ಲಿ ಏಳುತ್ತಿತ್ತು.

ಗಾಳಿ ಕಡಿಮೆ ಮಾಡಿದರೆ ನೊರೆ ತಕ್ಷಣ ಇಳಿಯುತ್ತದೆ. ವಾಲ್ವ್ ನನ್ನ ಕೈಯಳತೆಯಲ್ಲೇ ಇತ್ತು. ಆದರೆ ಗಾಳಿ ಕಡಿಮೆಯಾದರೆ ಒಳಗೆ ಇರುವ ಅಷ್ಟಿಷ್ಟು ಜೀವವೂ ಉಸಿರು ಕಟ್ಟಿ ಸಾಯುತ್ತದೆ. ಆಮೇಲೆ ಮಧ್ಯಾಹ್ನದ ಊಟದ ನೀರು ಬಂದಾಗ ನೊರೆ ಇರುವುದಿಲ್ಲ, ವಾಸನೆ ಇರುತ್ತದೆ, ಕೊಳೆ ಹಾಗೆಯೇ ತೋಡಿಗೆ ಹೋಗುತ್ತದೆ. ಹಾಲ್‌ನ ಒಳಗಿನಿಂದ ವಾದ್ಯ ಜೋರಾಯಿತು. ಧಾರೆಯ ಹೊತ್ತು ಹತ್ತಿರ ಬಂತೆಂದು ಗೊತ್ತಾಯಿತು. ನಾನು ವಾಲ್ವ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ, ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ.

ಆಗ ಅಕ್ಕ ಮತ್ತೆ ಬಂದಳು. ಮಂಟಪದಲ್ಲಿ ಇರಬೇಕಾದವಳು, ಮೈತುಂಬ ಒಡವೆ, ತಲೆತುಂಬ ಮಲ್ಲಿಗೆ. ಹಿಂಬದಿಯ ಕಲ್ಲುಮಣ್ಣಿನಲ್ಲಿ ಸೀರೆ ಎತ್ತಿ ಹಿಡಿದು ಓಡಿ ಬಂದಿದ್ದಳು.

"ಅವಳು ನೀನಿಲ್ಲದೆ ಕೈ ಚಾಚುವುದಿಲ್ಲ ಅಂತ ಕೂತಿದ್ದಾಳೆ. ಬಾ."

"ಇದು ಉಕ್ಕಿದರೆ ಕೆಳಗೆ ಹೋಗ್ತದೆ ಅಕ್ಕ."

"ಹೋಗಲಿ. ನಾಳೆ ನಾನೇ ಟೀಚರ ಕಾಲು ಹಿಡಿಯುತ್ತೇನೆ. ನೀನು ಬಾ."

ನಾನು ವಾಲ್ವ್ ಬಿಟ್ಟೆ. ಗಾಳಿ ಪೂರ್ತಿ ಇರಲಿ, ನೊರೆ ಎಲ್ಲಿಗೆ ಬೇಕಾದರೂ ಹೋಗಲಿ ಎಂದು ಕಾವಲಿನವನಿಗೆ ಹೇಳಿ, ಕೈ ತೊಳೆದು, ಅಕ್ಕನ ಜೊತೆ ಓಡಿದೆ. ನನ್ನನ್ನು ನೋಡಿದ ಮೇಲೆ ಮಗಳು ಕೈ ಚಾಚಿದಳು, ಅಕ್ಕ ಭಾವ ಧಾರೆ ಎರೆದರು, ಆಮೇಲೆ ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಬರತೊಡಗಿದರು. ಅಕ್ಕ ನನ್ನನ್ನು ಎಳೆದು ಮುಂದೆ ನಿಲ್ಲಿಸಿ ಧಾರೆ ನೀರಿನ ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. ಅತ್ತೆಯ ಮುಖ ನಾನು ನೋಡಲಿಲ್ಲ. ಮಗಳ ಕೈಯ ಮೇಲೆ ಧಾರೆ ಎರೆದೆ. ನೀರು ಬಿದ್ದಾಗ ಅವಳು ಮೆಲ್ಲನೆ, ತಣ್ಣಗುಂಟು ಚಿಕ್ಕಮ್ಮ ಎಂದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಮದುಮಕ್ಕಳ ತಲೆಗೆ ಸೇಸೆಯ ಅಕ್ಕಿ ಹಾಕಿ ಪಕ್ಕಕ್ಕೆ ಸರಿದು ನಿಂತೆ. ಅಷ್ಟು ಹೊತ್ತೂ ನನಗೆ ಹೊರಗಿನದ್ದು ನೆನಪಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನೆನಪಾಗುತ್ತಲೇ ಇತ್ತು.

ಮೊದಲ ಪಂಕ್ತಿಗೆ ಎಲೆ ಹಾಕುವಾಗ ಹೊರಗೆ ಬಂದೆ. ನೊರೆ ಟ್ಯಾಂಕಿನ ಅಂಚು ದಾಟಿ, ಇಳಿಜಾರಿನಲ್ಲಿ ಹುಲ್ಲನ್ನು ಮುಚ್ಚಿ, ತೋಡಿಗೆ ಇಳಿದಿತ್ತು. ಕೆಳಗೆ ಬೇಲಿಯ ಹತ್ತಿರ ಟೀಚರ್ ನಿಂತಿದ್ದರು. ಮದುವೆಗೆ ಬಂದು, ಸೇಸೆ ಹಾಕಿ, ಊಟಕ್ಕೆ ಕೂರುವ ಮೊದಲು ಮನೆಯ ಕಡೆ ನೋಡಿ ಬರೋಣ ಎಂದು ಇಳಿದಿದ್ದರಂತೆ. ಒಳ್ಳೆಯ ಸೀರೆ ಉಟ್ಟಿದ್ದರು. ಅವರ ಕಾಲ ಬುಡದಲ್ಲೇ ಬಿಳಿ ನೊರೆ ತೇಲಿ ಹೋಗುತ್ತಿತ್ತು. ನಾನು ಇಳಿದು ಹೋದೆ.

"ವಾಸನೆ ಇಲ್ಲ," ಎಂದರು ಅವರು. "ಹೋದ ವರ್ಷದ ಹಾಗೆ ಇಲ್ಲ. ಆದರೆ ಇದು ಎಂತ?"

ನೊರೆ ಏನು, ಯಾಕೆ ಎಂದು ಹೇಳಿದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ವಾಸನೆ ಇಲ್ಲವೆಂದು ಅವರೇ ಹೇಳಿಯಾಗಿತ್ತು, ಮೇಲೆ ಮದುವೆ ನಡೆಯುತ್ತಿತ್ತು, ಭಾವ ಹೆಂಗಸರ ಪಂಕ್ತಿಯಲ್ಲಿ ಟೀಚರನ್ನು ಹುಡುಕುತ್ತಿದ್ದರು. ಆದರೆ ಗಾಢ ಹಳದಿ ಕಣ್ಣಿಗೆ ಕಟ್ಟಿತ್ತು.

"ಟೀಚರ್, ನೋಡಲು ಪರವಾಗಿಲ್ಲ, ಆದರೆ ನೀರು ಪೂರ್ತಿ ಸರಿಯಾಗಿಲ್ಲ," ಎಂದೆ. "ನಾನು ಪರೀಕ್ಷೆ ಮಾಡಿ ಹೇಳುವವರೆಗೆ ಅಡುಗೆಗೆ, ಕುಡಿಯಲಿಕ್ಕೆ ಈ ಬಾವಿಯ ನೀರು ಬೇಡ. ಹಾಲ್‌ನಿಂದ ಕ್ಯಾನ್ ಕಳಿಸುತ್ತೇನೆ."

ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ನೊರೆಯಿಂದ ಹಿಂದೆ ಸರಿದರು. "ನಿಮ್ಮ ಭಾವನಿಗೆ ಗೊತ್ತುಂಟಾ, ನೀವು ಹೀಗೆ ಹೇಳುವುದು?"

ಇಲ್ಲ ಎಂದೆ. ಅವರು ನನ್ನ ಜೊತೆ ಮೇಲೆ ಹತ್ತಿ ಬಂದರು. ನನ್ನ ಪಕ್ಕದಲ್ಲೇ ಊಟಕ್ಕೆ ಕೂತರು. ಪಾಯಸ ಎರಡು ಸಲ ಹಾಕಿಸಿಕೊಂಡರು.

ನಾನು ಟೀಚರಿಗೆ ಹೇಳಿದ ಮಾತು ಭಾವನ ಕಿವಿಗೆ ಬಿದ್ದದ್ದು ಮದುಮಕ್ಕಳು ಹೊರಟ ಮೇಲೆ. ಅವರು ಹಾರಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. ಖಾಲಿ ಹಾಲ್‌ನಲ್ಲಿ ಮಡಚುವ ಕುರ್ಚಿಯೊಂದರಲ್ಲಿ ಕೂತು, ಮಗಳನ್ನು ಕಳಿಸಿದ ದಿನವೇ ಇದನ್ನೂ ಕೇಳಬೇಕಾಯಿತಾ ಎಂದರು. ಅಕ್ಕ ಅಳುತ್ತಿದ್ದಳು, ಅದು ಬೇರೆ ಕಾರಣಕ್ಕೆ. ನಾನು ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಉಡುಪಿಗೆ ಬಂದೆ. ಪರೀಕ್ಷೆಯ ಫಲ ಬರುವವರೆಗೆ ನನಗೆ ಯಾವ ಕೆಲಸವೂ ಹಿಡಿಸಲಿಲ್ಲ. ಅಪಾರ್ಟ್‌ಮೆಂಟಿಗೆ ಹೋಗಿ ಏನು ನೋಡಲು ಬಂದೆ ಎಂಬುದನ್ನೇ ಮರೆತು ವಾಪಸು ಬಂದೆ.

ಬಾವಿಯ ನೀರು ಸರಿಯಿತ್ತು. ಟೀಚರಿಗೆ ಮೊದಲು ಹೇಳಿದೆ, ಆಮೇಲೆ ಭಾವನಿಗೆ. ಟೀಚರ್ ನಾನು ಕೊಟ್ಟ ವರದಿಯನ್ನು ಓದಿ, ಈ ಸಲ ಸರಿಯಿತ್ತು, ಮುಂದಿನ ಸಲಕ್ಕೆ ನೀವು ಎಂತ ಮಾಡುತ್ತೀರಿ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು, ಆದರೆ ಅದು ಭಾವ ಹೇಳಬೇಕಾದ ಉತ್ತರ. ಮದುವೆಯ ದಿನದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳಲು ದೊಡ್ಡದೊಂದು ಟ್ಯಾಂಕು ಇದ್ದರೆ, ಅದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಡಬಹುದು. ಒಂದೇ ದಿನ ಹೊಟ್ಟೆ ಬಿರಿಯುವುದೂ ಇಲ್ಲ, ತಿಂಗಳು ಪೂರ್ತಿ ಉಪವಾಸವೂ ಇಲ್ಲ. ಚಳಿಯಲ್ಲಿ ನಿಧಾನವಾಗಿ ತಿನ್ನುವವುಗಳಿಗೆ ನಿಧಾನವಾಗಿ ಬಡಿಸಿದರೆ ಸಾಕು. ಇದನ್ನು ನಾನು ಭಾವನಿಗೆ ಎಷ್ಟು ಸಲ ಹೇಳಿದ್ದೆನೋ. ಈ ಸಲ ಟೀಚರೇ ಹತ್ತಿ ಬಂದು, ಭಾವನ ಎದುರು ಕೂತು, ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೇಳಿದರು. ಭಾವ ಅವರ ಶಾಲೆಯಲ್ಲಿ ಓದಿದವರಲ್ಲ, ಆದರೂ ಎದ್ದು ನಿಂತೇ ಉತ್ತರ ಕೊಟ್ಟರು. ಮಳೆಗೆ ಮೊದಲು ಟ್ಯಾಂಕು ಕಟ್ಟಿಸುತ್ತೇನೆ ಎಂದರು.

ಕಟ್ಟಿಸಿದರು. ಬಂಡೆ ಒಡೆಯಲು ಅವರಿಗೆ ಯಾರ ಸಲಹೆಯೂ ಬೇಕಾಗಿರಲಿಲ್ಲ. ಕೆಲಸ ನಡೆಯುತ್ತಿದ್ದಾಗಲೇ ಮೇ ತಿಂಗಳ ಸೆಕೆ ಬಂತು, ದಿನಕ್ಕೊಂದು ಮದುವೆ. ಈಗ ತೊಂದರೆ ಉಲ್ಟಾ. ನೀರು ಮುಟ್ಟಿದರೆ ಬೆಚ್ಚಗೆ, ಕೆಸರು ದಪ್ಪ, ಗಾಳಿ ಸಾಲುತ್ತಿಲ್ಲ. ಎರಡನೇ ಬ್ಲೋವರ್ ಹಾಕಿಸಿ, ಹೆಚ್ಚಾದ ಕೆಸರು ತೆಗೆಸಿ ಹೇಗೋ ದಾಟಿಸಿದೆ. ಮಣಿಪಾಲದಲ್ಲಿ ರಜೆಗೆ ಹುಡುಗರೆಲ್ಲ ಊರಿಗೆ ಹೋಗಿ ಅಲ್ಲಿನ ಟ್ಯಾಂಕು ಬಡಕಲಾಗಿತ್ತು. ಕಾರ್ಕಳದಿಂದ ತೆಗೆಸಿದ ಕೆಸರನ್ನೇ ಅಲ್ಲಿಗೆ ಒಯ್ದು ಹಾಕಿದೆ.

ಅಕ್ಕನ ಮನೆ ಮಗಳು ಹೋದ ಮೇಲೆ ಬಿಕೋ ಎನ್ನುತ್ತಿತ್ತು. ಅಕ್ಕ ಈಗ ನಾನು ಬರುವ ದಿನ ಕೇಳಿ ತಿಳಿದುಕೊಂಡು, ನಾನು ಟ್ಯಾಂಕು ನೋಡುವಾಗ ಸ್ವಲ್ಪ ದೂರದಲ್ಲಿ ನಿಂತಿರುತ್ತಾಳೆ. ಮಾತು ಹೆಚ್ಚೇನೂ ಇಲ್ಲ. ಮಗಳು ಫೋನಿನಲ್ಲಿ ಏನು ಹೇಳಿದಳು, ಅತ್ತೆಮನೆಯಲ್ಲಿ ಯಾವ ಅಡುಗೆ, ಇಷ್ಟೆ. ಒಂದು ದಿನ ಅವಳೇ, ನಿನ್ನನ್ನು ಆ ದಿನ ಅರಸಿನಕ್ಕೆ ಕರೆಯಬೇಕಾಗಿತ್ತು, ಯಾರು ಏನು ಹೇಳುತ್ತಾರೋ ಎಂದು ನಾನೇ ಸುಮ್ಮನಾದೆ ಎಂದಳು. ನಾನು, ಇರಲಿ ಬಿಡು ಎಂದೆ. ಇರಲಿ ಎಂದು ಪೂರ್ತಿ ಅನ್ನಿಸಿರಲಿಲ್ಲ, ಆದರೆ ಅವಳು ಹೇಳಿದಳಲ್ಲ ಎಂದು ಮನಸ್ಸು ಹಗುರಾಯಿತು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಮಣಿಪಾಲದಲ್ಲಿದ್ದಾಗ ಭಾವನ ಫೋನ್ ಬಂತು. ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಬರುತ್ತಿದೆಯಲ್ಲ, ಆಗಲೂ ಮದುವೆ ಇಲ್ಲ, ಮಳೆನೀರು ಬೇರೆ ತಣ್ಣಗೆ, ಅದಕ್ಕೆ ಈಗಿನಿಂದ ಎಂತ ಮಾಡುವುದು ಎಂದು ಕೇಳಿದರು. ಅವರಾಗಿಯೇ ಕೇಳಿದ್ದು ಅದೇ ಮೊದಲು. ನಾಳೆ ಬರುತ್ತೇನೆ ಎಂದೆ. ಹಾಸ್ಟೆಲಿಗೆ ಹುಡುಗರು ಆ ವಾರವೇ ಒಟ್ಟಿಗೆ ಬಂದಿಳಿದಿದ್ದರು, ನನಗೆ ಅಲ್ಲಿಂದ ಅಲ್ಲಾಡಲು ಆಗುವಂತಿರಲಿಲ್ಲ. ಫೋನ್ ಇಟ್ಟು ಸ್ವಲ್ಪ ಹೊತ್ತು ಅಲ್ಲೇ ತಿರುಗಿದೆ. ಆಮೇಲೆ ರೇನ್‌ಕೋಟ್ ಹಾಕಿಕೊಂಡು ಹಿರಿಯಡ್ಕದ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ಮಳೆ. ತಲುಪುವಾಗ ಭಾವ ಕೊಡೆ ಹಿಡಿದು ಟ್ಯಾಂಕಿನ ಕಟ್ಟೆಯ ಹತ್ತಿರ ನಿಂತಿದ್ದರು. ನಾಳೆ ಅಂತ ಹೇಳಿದ್ದಲ್ಲ ನೀನು ಎಂದರು. ಹೌದು, ಮನಸ್ಸು ತಡೆಯಲಿಲ್ಲ ಎಂದು ಹೇಳಿ, ನಾನು ಅವರ ಕೊಡೆಯ ಕೆಳಗೆ ಸೇರಿ ನೀರಿಗೆ ಬಗ್ಗಿದೆ.